ನಟನ ಹೆಸರಿಗೆ ಸಿಗುವ ಹಣ ಅದೇ ನಟ ನಿರ್ದೇಶಕನಾದಾಗ ಏಕೆ ಸಿಗುವುದಿಲ್ಲ?

2025ರ ಮೇ ತಿಂಗಳಲ್ಲಿ ನಡೆದ ಕಾನ್ ಚಲನಚಿತ್ರೋತ್ಸವದ ‘ಅನ್ ಸರ್ಟೇನ್ ರಿಗಾರ್ಡ್’ ವಿಭಾಗದಲ್ಲಿ ಮೂವರು ನಟರು ನಿರ್ದೇಶಕರಾಗಿ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರಗಳನ್ನು ತೋರಿಸಿದರು: ಸ್ಕಾರ್ಲೆಟ್ ಜೊಹಾನ್ಸನ್, ಕ್ರಿಸ್ಟನ್ ಸ್ಟೀವರ್ಟ್ ಮತ್ತು ಹ್ಯಾರಿಸ್ ಡಿಕಿನ್ಸನ್. ಅದೇ ವರ್ಷದ ಅಕ್ಟೋಬರ್ 2ರಂದು ರಿಷಬ್ ಶೆಟ್ಟಿ ನಿರ್ದೇಶಿಸಿ, ನಾಯಕನಾಗಿಯೂ ನಟಿಸಿದ ‘ಕಾಂತಾರ: ಚಾಪ್ಟರ್ 1’ ತೆರೆಗೆ ಬಂತು. ಇಂಥ ಸುದ್ದಿಗಳನ್ನು ಒಂದರ ಹಿಂದೊಂದು ಓದಿದವರಿಗೆ, ಹೆಸರು ಮಾಡಿದ ನಟರಿಗೆ ಕ್ಯಾಮೆರಾದ ಹಿಂದಿನ ಕುರ್ಚಿ ಕೇಳಿದ ಕೂಡಲೇ ಸಿಗುತ್ತದೆ ಎಂದು ಅನ್ನಿಸುವುದು ಸಹಜ.

ಆದರೆ ಅವೇ ಸುದ್ದಿಗಳ ವಿವರಗಳಿಗೆ ಇಳಿದರೆ ಗೊಂದಲ ಶುರುವಾಗುತ್ತದೆ. ಸ್ಟೀವರ್ಟ್ ನಾಯಕಿಯಾಗಿದ್ದ ‘ಟ್ವಿಲೈಟ್’ ಸರಣಿಯ ಐದು ಚಿತ್ರಗಳು ಜಗತ್ತಿನಾದ್ಯಂತ 300 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ್ದವು. ಅಂಥ ನಟಿಗೆ ತಮ್ಮ ಮೊದಲ ಚಿತ್ರವನ್ನು ಕಟ್ಟಿ ನಿಲ್ಲಿಸಲು ಹತ್ತಿರ ಹತ್ತಿರ ಎಂಟು ವರ್ಷ ಹಿಡಿಯಿತು. ಈ ಚಿತ್ರವಾಗುವ ತನಕ ಬೇರೆ ಯಾವ ಚಿತ್ರವನ್ನೂ ಮಾಡುವುದಿಲ್ಲ ಎಂದು 2024ರ ಆರಂಭದಲ್ಲಿ ಅವರು ಬಹಿರಂಗವಾಗಿಯೇ ಪಟ್ಟು ಹಿಡಿಯಬೇಕಾಯಿತು. ಜೊಹಾನ್ಸನ್ ಅವರ ವಿಷಯದಲ್ಲಿ, ಚಿತ್ರೀಕರಣ ಹತ್ತಿರ ಬಂದಾಗ ಹಣ ಹೂಡಬೇಕಿದ್ದವರು ಯಹೂದಿ ನರಮೇಧಕ್ಕೆ ಸಂಬಂಧಿಸಿದ, ಕಥೆಯ ತಿರುಳೇ ಆಗಿದ್ದ ಭಾಗವನ್ನು ಬದಲಿಸುವಂತೆ ಕೇಳಿದರೆಂದು ಅವರೇ ಹೇಳಿಕೊಂಡಿದ್ದಾರೆ. ತಾರೆಯರ ಪಾಡೇ ಹೀಗಾದರೆ, ಹತ್ತು ಹದಿನೈದು ವರ್ಷಗಳಿಂದ ಪೋಷಕ ಪಾತ್ರಗಳಲ್ಲಿ ದುಡಿಯುತ್ತಿರುವ, ಪ್ರೇಕ್ಷಕರಿಗೆ ಮುಖ ಗೊತ್ತಿದ್ದು ಹೆಸರು ನೆನಪಾಗದ ನಟನೊಬ್ಬ ನಿರ್ದೇಶನಕ್ಕೆ ಹೊರಟರೆ ಏನಾಗಬಹುದು?

ಈ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಪ್ರತಿಭೆಯ ಕಡೆಗೆ ಜಾರುತ್ತದೆ. ನಟನೆ ಬಂದವನಿಗೆ ನಿರ್ದೇಶನವೂ ಬರುತ್ತದೆಯೇ ಎಂಬ ವಾದ ರಂಜನೀಯವಾದರೂ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಡವಾಗುವುದಕ್ಕೆ ಕಾರಣಗಳು ಎರಡು. ನಷ್ಟವಾದರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಒಂದು; ಚಿತ್ರ ತಯಾರಿಕೆಯ ಯಾವ ಭಾಗವನ್ನು ನಟ ಕಣ್ಣಾರೆ ಕಂಡಿರುತ್ತಾನೆ, ಯಾವುದನ್ನು ಕಂಡೇ ಇರುವುದಿಲ್ಲ ಎಂಬುದು ಇನ್ನೊಂದು.

ಹಣ ಮೊದಲು ಬರುವುದು ಯಾವುದನ್ನು ನಂಬಿ?

ಚಿತ್ರದ ಬಂಡವಾಳ ಟಿಕೆಟ್ ಮಾರಾಟಕ್ಕೆ ಬಹಳ ಮುಂಚೆಯೇ ಹೊಂದಿಕೆಯಾಗಬೇಕು. ಅಮೆರಿಕ ಮತ್ತು ಯುರೋಪಿನ ಸ್ವತಂತ್ರ ಚಿತ್ರಗಳಲ್ಲಿ ಇದಕ್ಕೊಂದು ಹಳೆಯ ಪದ್ಧತಿಯಿದೆ. ಚಿತ್ರ ಇನ್ನೂ ಕಾಗದದ ಮೇಲಿರುವಾಗಲೇ ಒಂದೊಂದು ದೇಶದ ಹಂಚಿಕೆದಾರರಿಗೆ ಆಯಾ ದೇಶದ ಹಕ್ಕುಗಳನ್ನು ಮುಂಗಡವಾಗಿ ಮಾರುತ್ತಾರೆ. ಆ ಒಪ್ಪಂದಗಳ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಎತ್ತುತ್ತಾರೆ. ಚಿತ್ರ ಹೇಳಿದ ದಿನಕ್ಕೆ, ಹೇಳಿದ ಬಜೆಟ್ಟಿನಲ್ಲಿ ಮುಗಿಯುತ್ತದೆ ಎಂದು ಒಂದು ಖಾತರಿ ಕಂಪನಿ ಶುಲ್ಕ ಪಡೆದು ಬಾಂಡ್ ಬರೆದುಕೊಡುತ್ತದೆ. ಭಾರತೀಯ ಭಾಷೆಗಳಲ್ಲಿ ಈ ಕೆಲಸವನ್ನು ಟಿವಿ ಹಕ್ಕು, ಓಟಿಟಿ ಹಕ್ಕು, ಆಡಿಯೋ ಹಕ್ಕು ಮತ್ತು ಏರಿಯಾವಾರು ಹಂಚಿಕೆಯ ಅಡ್ವಾನ್ಸ್‌ಗಳು ಮಾಡುತ್ತವೆ. ವ್ಯವಸ್ಥೆ ಯಾವುದೇ ಇರಲಿ, ಕೊಳ್ಳುವವರ ಮೊದಲ ಪ್ರಶ್ನೆ ಒಂದೇ: ಪೋಸ್ಟರಿನ ಮೇಲೆ ಯಾರಿದ್ದಾರೆ?

ನಟನ ಬೆಲೆ ಇರುವುದು ಆ ಪೋಸ್ಟರಿನಲ್ಲಿ. ಆತ ನಿರ್ದೇಶಿಸುತ್ತೇನೆ ಎಂದ ಗಳಿಗೆಯಲ್ಲಿ ಮುಖ ಪೋಸ್ಟರಿನಿಂದ ಜಾರಿ, ಕೆಳಗಿನ ಸಣ್ಣ ಅಕ್ಷರಗಳ ಸಾಲಿಗೆ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಬೆಲೆ ಕಡಿಮೆಯಾಯಿತು ಎನ್ನಬಹುದಿತ್ತು. ಆದರೆ ಹಣ ಹೂಡುವವರ ಕಣ್ಣಿಗೆ ಅದು ತಿರುಗುಮುರುಗಾಗಿ ಕಾಣುತ್ತದೆ, ಏಕೆಂದರೆ ಮಾರಾಟವಾಗುತ್ತಿದ್ದ ಮುಖ ಒಂದೂವರೆ ಎರಡು ವರ್ಷ ಮಾರುಕಟ್ಟೆಯಿಂದಲೇ ಮರೆಯಾಗುತ್ತದೆ ಮತ್ತು ಅದೇ ವ್ಯಕ್ತಿ ಈ ಹಿಂದೆ ಎಂದೂ ಹೊತ್ತಿರದ ಜವಾಬ್ದಾರಿಗೆ ಅವರು ಜಾಮೀನು ನಿಲ್ಲಬೇಕಾಗುತ್ತದೆ. ಖಾತರಿ ಕಂಪನಿಯ ಲೆಕ್ಕದಲ್ಲಿ ಇಪ್ಪತ್ತು ವರ್ಷ ನಟಿಸಿದವರೂ ನಿರ್ದೇಶನಕ್ಕೆ ಹೊಸಬರೇ.

ಆದ್ದರಿಂದಲೇ ಮೊದಲ ಚಿತ್ರದಲ್ಲಿ ತಾನೂ ನಟಿಸಬೇಕೇ ಬೇಡವೇ ಎಂಬುದು ಕಲೆಯ ಪ್ರಶ್ನೆಯಾಗುವ ಮೊದಲು ಹಣದ ಪ್ರಶ್ನೆಯಾಗಿರುತ್ತದೆ. ‘ಎ ಸ್ಟಾರ್ ಈಸ್ ಬಾರ್ನ್’ (2018) ಚಿತ್ರದಲ್ಲಿ ಬ್ರಾಡ್ಲಿ ಕೂಪರ್ ತಾವೇ ನಾಯಕರಾದರು. ಹೂಡಿಕೆದಾರರಿಗೆ ಬೇಕಾದ ಮುಖ ಉಳಿಯಿತು, ಅದರ ನೆರಳಲ್ಲಿ ಹೊಸ ನಿರ್ದೇಶಕನೂ ಒಳಗೆ ಬಂದ. ರಾಬರ್ಟ್ ರೆಡ್‌ಫೋರ್ಡ್ 1980ರಲ್ಲಿ ‘ಆರ್ಡಿನರಿ ಪೀಪಲ್’ ನಿರ್ದೇಶಿಸಿದಾಗ ತೆರೆಯ ಮೇಲೆ ಬರಲೇ ಇಲ್ಲ, ಮೊದಲ ಚಿತ್ರಕ್ಕೇ ನಿರ್ದೇಶನದ ಆಸ್ಕರ್ ಪಡೆದರು. ಆದರೆ ಹಾಗೆ ಹೊರಗುಳಿಯುವ ಸ್ವಾತಂತ್ರ್ಯ ಬಂದದ್ದು ಅದಕ್ಕೆ ಮುಂಚಿನ ದಶಕದಲ್ಲಿ ಹಾಲಿವುಡ್‌ನ ಅತ್ಯಂತ ಬೇಡಿಕೆಯ ನಟರಲ್ಲಿ ಒಬ್ಬರಾಗಿದ್ದುದರಿಂದ. ಕಾನ್‌ನ ಮೂವರಲ್ಲಿ ಜೊಹಾನ್ಸನ್ ಮತ್ತು ಸ್ಟೀವರ್ಟ್ ತಮ್ಮ ಚಿತ್ರಗಳಲ್ಲಿ ನಟಿಸಲಿಲ್ಲ, ಡಿಕಿನ್ಸನ್ ಸಣ್ಣ ಪಾತ್ರವೊಂದಕ್ಕೆ ತೃಪ್ತರಾದರು. ಸ್ಟೀವರ್ಟ್ ಅವರ ಕಾಯುವಿಕೆ ಅಷ್ಟು ದೀರ್ಘವಾದುದಕ್ಕೆ ಈ ಆಯ್ಕೆಯೂ ಒಂದು ಕಾರಣವೆಂದು ಭಾವಿಸಲು ಅಡ್ಡಿಯಿಲ್ಲ.

ದುಡಿಯುವ ನಟನಿಗೆ ಈ ಎರಡು ಆಯ್ಕೆಗಳೂ ಇಲ್ಲ. ಆತನ ಮುಖವನ್ನು ತೋರಿಸಿ ಹಕ್ಕು ಮಾರಲು ಬರುವುದಿಲ್ಲ. ಮುಖ ತೆಗೆದರೆ ಮಾರಲು ಬೇರೇನೂ ಉಳಿಯುವುದಿಲ್ಲ.

ನಟ ಕಾಣದ ಸಿನಿಮಾ

ಸೆಟ್‌ನಲ್ಲಿ ಇಷ್ಟು ವರ್ಷ ಕಳೆದವನಿಗೆ ಕೆಲಸ ಗೊತ್ತಿರುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಟನಿಗೆ ಗೊತ್ತಿರುವುದು ಕಡಿಮೆಯೂ ಅಲ್ಲ. ಕೆಲವೇ ತಿಂಗಳ ಅಂತರದಲ್ಲಿ ನಾಲ್ಕಾರು ನಿರ್ದೇಶಕರ ಕೈಕೆಳಗೆ ಕೆಲಸ ಮಾಡುವ ಅವಕಾಶ ಸೆಟ್‌ನಲ್ಲಿ ನಟನಷ್ಟು ಬೇರೆ ಯಾರಿಗೂ ಸುಲಭವಾಗಿ ಸಿಗುವುದಿಲ್ಲ. ನಿರ್ದೇಶಕರು ಇನ್ನೊಬ್ಬ ನಿರ್ದೇಶಕರ ಸೆಟ್ಟನ್ನು ನೋಡುವುದೇ ಅಪರೂಪ. ಯಾವ ಮಾತು ನಟನನ್ನು ಬಿಚ್ಚುತ್ತದೆ, ಯಾವುದು ಬಿಗಿಗೊಳಿಸುತ್ತದೆ, ಏಳನೇ ಟೇಕ್‌ಗೆ ‘ಒನ್ ಮೋರ್’ ಎನ್ನುವ ಮುನ್ನ ಏನು ಹೇಳಬೇಕು ಎಂಬುದು ಆತನಿಗೆ ಅನುಭವದಿಂದ ಗೊತ್ತಿರುತ್ತದೆ.

ಆದರೆ ಆತ ಸೆಟ್‌ಗೆ ಬರುವುದು ಕಾಲ್‌ಶೀಟ್ ಬಂದ ದಿನ, ಹೋಗುವುದು ಪ್ಯಾಕಪ್ ಆದಾಗ. ಅದಕ್ಕೆ ಮುಂಚಿನ ಸ್ಕ್ರಿಪ್ಟ್ ತಿದ್ದುವಿಕೆ, ಲೊಕೇಶನ್ ಹುಡುಕಾಟ, ಶೆಡ್ಯೂಲ್ ಕಟ್ಟುವಿಕೆ, ಬಜೆಟ್ ಕತ್ತರಿಸುವಿಕೆ ಆತನ ಗಮನಕ್ಕೆ ಬರುವುದಿಲ್ಲ. ಆಮೇಲಿನ ಸಂಕಲನ, ಧ್ವನಿವಿನ್ಯಾಸ, ಡಿಐ (ಬಣ್ಣ ತಿದ್ದುವ ಕೆಲಸ), ಮಿಕ್ಸಿಂಗ್‌ಗಳ ಪೈಕಿ ಆತ ಕಾಣುವುದು ತನ್ನ ಪಾಲಿನ ಡಬ್ಬಿಂಗ್ ಮಾತ್ರ. ನಟನ ಕಣ್ಣಿಗೆ ಬೀಳುವುದು ಮೂರು ಭಾಗಗಳ ಕೆಲಸದ ನಡುವಿನ ಭಾಗ. ನಿರ್ದೇಶಕನನ್ನು ಹಣ ಹೂಡುವವರು ಅಳೆಯುವುದು ಎರಡು ತುದಿಗಳಲ್ಲಿ.

ನಡುವಿನ ಭಾಗದಲ್ಲೂ ಆತನಿಗೆ ಕಾಣುವುದು ಅರ್ಧವೇ. ಉದಾಹರಣೆಗೆ, ಕಿಟಕಿಯ ಪಕ್ಕದ ಮೇಜೊಂದರ ಎದುರುಬದುರು ಇಬ್ಬರು ಕುಳಿತು ಮಾತಾಡುವ ಮೂರು ಪುಟಗಳ ದೃಶ್ಯವನ್ನು ತೆಗೆದುಕೊಳ್ಳಬಹುದು. ನಟನಿಗೆ ಅದು ಮೂರು ಪುಟ ಮಾತು, ಒಂದು ಮನಃಸ್ಥಿತಿ. ನಿರ್ದೇಶಕ ಮೊದಲು ನಿರ್ಧರಿಸಬೇಕಾದದ್ದು ಇಬ್ಬರ ನಡುವಿನ ಕಾಲ್ಪನಿಕ ಗೆರೆಯ ಯಾವ ಬದಿಯಲ್ಲಿ ಕ್ಯಾಮೆರಾ ನಿಲ್ಲಬೇಕು ಎಂಬುದನ್ನು. ಗೆರೆ ದಾಟಿದರೆ ತೆರೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಂಡು ಪ್ರೇಕ್ಷಕ ತಬ್ಬಿಬ್ಬಾಗುತ್ತಾನೆ. ಕಿಟಕಿಯ ಬೆಳಕು ಮಧ್ಯಾಹ್ನಕ್ಕೆ ಬದಲಾಗುವುದರಿಂದ ಕಿಟಕಿ ಕಾಣುವ ಶಾಟ್‌ಗಳನ್ನೆಲ್ಲ ಮೊದಲು ತೆಗೆಯಬೇಕು, ಅಂದರೆ ಜಗಳದ ಕೊನೆಯ ಮಾತನ್ನು ಒಬ್ಬ ನಟ ಬೆಳಿಗ್ಗೆಯೂ ಅದಕ್ಕೆ ಕಾರಣವಾದ ಮೊದಲ ಮಾತನ್ನು ಎದುರಿನವರು ಸಂಜೆಯೂ ಆಡಬೇಕಾಗಬಹುದು. ಇಡೀ ದೃಶ್ಯವನ್ನು ಒಟ್ಟಾಗಿ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದರೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ ಎತ್ತಬೇಕು, ಇಲ್ಲದಿದ್ದರೆ ಎರಡನ್ನೂ ಜೋಡಿಸಲಾಗದು. ಎಲ್ಲ ಮುಗಿದು ಎರಡು ತಿಂಗಳ ಮೇಲೆ ಸಂಕಲನದ ಕೋಣೆಯಲ್ಲಿ ದೃಶ್ಯ ಅರ್ಧ ನಿಮಿಷ ಉದ್ದವಾಗಿದೆ ಎಂದು ಗೊತ್ತಾದಾಗ, ನಡುವೆ ಕತ್ತರಿಸಿ ದಾಟಲು ಒಂದು ಕೈಯ, ಒಂದು ಬಾಗಿಲಿನ ಬಿಡಿ ಶಾಟ್ ಕೂಡ ತೆಗೆದಿಲ್ಲವೆಂಬುದು ಹೊಳೆಯುತ್ತದೆ. ಕಣ್ಣೆದುರು ಅದ್ಭುತವಾಗಿ ನಡೆದ ಅಭಿನಯ ತೆರೆಯ ಮೇಲೆ ಸಪ್ಪೆಯಾಗುವುದು ಇಂಥ ಕಾರಣಕ್ಕೆ.

ಈ ಕೊರತೆಯ ಪ್ರಸಿದ್ಧ ನಿದರ್ಶನ ಮಾರ್ಲನ್ ಬ್ರಾಂಡೊ. ‘ಒನ್ ಐಡ್ ಜಾಕ್ಸ್’ (1961) ಚಿತ್ರದಿಂದ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಹೊರಬಿದ್ದ ಮೇಲೆ ಬ್ರಾಂಡೊ ತಾವೇ ನಿರ್ದೇಶನ ವಹಿಸಿಕೊಂಡರು. ನಟರಿಗೆ ಬೇಕಾದಷ್ಟು ಕಾಲ ಕೊಟ್ಟು, ರಾಶಿ ರಾಶಿ ಫಿಲ್ಮ್ ಬಳಸಿ, ಅವಧಿಯನ್ನೂ ಬಜೆಟ್ಟನ್ನೂ ಬಹುದೂರ ಮೀರಿದರು. ಕೊನೆಗೆ ಸ್ಟುಡಿಯೋ ಚಿತ್ರವನ್ನು ತನ್ನ ರೀತಿಯಲ್ಲಿ ಸಂಕಲಿಸಿತು. ಚಿತ್ರ ಕಳಪೆಯೇನಲ್ಲ, ಇಂದಿಗೂ ಅದಕ್ಕೆ ಅಭಿಮಾನಿಗಳಿದ್ದಾರೆ. ಆದರೆ ಬ್ರಾಂಡೊ ಮತ್ತೆ ನಿರ್ದೇಶಿಸಲಿಲ್ಲ.

ಆದಾಯದ ಲೆಕ್ಕ

ತಾರೆಯಲ್ಲದ ನಟನ ಬದುಕು ಒಂದು ಪಾತ್ರ ಮುಗಿಯುವ ಮುನ್ನ ಇನ್ನೊಂದು ಸಿಗುವುದರ ಮೇಲೆ ನಿಂತಿದೆ. ಪೋಷಕ ಪಾತ್ರವೊಂದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಡೇಟ್ಸ್ ಕೊಟ್ಟರೆ ಸಾಕು. ನಿರ್ದೇಶಕನಿಗೆ ಒಂದೇ ಚಿತ್ರ ಕನಿಷ್ಠ ಒಂದೂವರೆ ವರ್ಷ. ಆ ಅವಧಿಯಲ್ಲಿ ಬಿಟ್ಟುಕೊಟ್ಟ ಪಾತ್ರಗಳ ಸಂಭಾವನೆ ಹೋಗುವುದಷ್ಟೇ ಅಲ್ಲದೆ, ಇಂಥವರು ಈಗ ನಟಿಸುತ್ತಿಲ್ಲವಂತೆ ಎಂಬ ಮಾತು ಒಮ್ಮೆ ಹಬ್ಬಿದರೆ ಕರೆಗಳೇ ನಿಂತುಹೋಗುತ್ತವೆ. ಮೊದಲ ಚಿತ್ರದ ನಿರ್ದೇಶನಕ್ಕೆ ಸಿಗುವ ಸಂಭಾವನೆ ಈ ನಷ್ಟವನ್ನು ತುಂಬುವುದು ಅಪರೂಪ. ಎಷ್ಟೋ ಸಲ ಅದನ್ನೂ ಚಿತ್ರಕ್ಕೇ ಸುರಿಯಬೇಕಾಗುತ್ತದೆ.

ನಟನ ಏಜೆಂಟರ ಆಸಕ್ತಿಯೂ ಇಲ್ಲಿ ಬೇರೆಯಾಗುತ್ತದೆ. ಅವರ ಗಳಿಕೆ ನಟನ ಸಂಭಾವನೆಯಲ್ಲಿ ಒಂದು ಪಾಲು. ತಮ್ಮ ಕಕ್ಷಿದಾರ ಎರಡು ವರ್ಷ ಕಡಿಮೆ ದುಡಿಯುವುದನ್ನು ಅವರು ಉತ್ಸಾಹದಿಂದ ಬೆಂಬಲಿಸಬೇಕೆಂದು ನಿರೀಕ್ಷಿಸುವುದು ಕಷ್ಟ. ಯಾರೂ ಬಾಯಿಬಿಟ್ಟು ಬೇಡವೆನ್ನುವುದಿಲ್ಲ, ಆದರೆ ಸ್ಕ್ರಿಪ್ಟ್ ಯಾರ ಮೇಜಿಗೂ ತಲುಪುವುದಿಲ್ಲ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಅಮೆರಿಕದ ನಟ ಜಾನ್ ಕಸಾವೆಟಿಸ್. 1959ರ ‘ಶ್ಯಾಡೋಸ್’ ಚಿತ್ರಕ್ಕೆ ಅವರು ರೇಡಿಯೋ ಕಾರ್ಯಕ್ರಮವೊಂದರಲ್ಲಿ ಕೇಳುಗರಿಗೇ ಮನವಿ ಮಾಡಿ ಸಣ್ಣ ಮೊತ್ತ ಒಟ್ಟುಮಾಡಿದರು, 16 ಎಂಎಂ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಮುಂದೆ ಬೇರೆಯವರ ದೊಡ್ಡ ಚಿತ್ರಗಳಲ್ಲಿ ನಟಿಸಿ ಬಂದ ಹಣವನ್ನು ತಮ್ಮ ಚಿತ್ರಗಳಿಗೆ ಹಾಕುತ್ತಾ ಹೋದರು. ಅವರಿಗೆ ನಟನೆ ನಿರ್ದೇಶನಕ್ಕೆ ಏರುವ ಮೆಟ್ಟಿಲಾಗಿರಲಿಲ್ಲ, ನಿರ್ದೇಶನದ ಖರ್ಚು ನೋಡಿಕೊಳ್ಳುವ ಸಂಬಳದ ಕೆಲಸವಾಗಿತ್ತು. ಯಾರ ಅನುಮತಿಯನ್ನೂ ಕಾಯಬೇಕಿಲ್ಲದಿರುವುದು ಈ ಮಾದರಿಯ ಲಾಭ. ನಷ್ಟವೆಲ್ಲ ನಟನ ಮನೆಯ ಮೇಲೇ ಬೀಳುವುದು ಅದರ ಬೆಲೆ. ಆ ಕಾರಣಕ್ಕೆ ಇದನ್ನು ಎಲ್ಲರಿಗೂ ಸಲಹೆಯಾಗಿ ಕೊಡುವುದು ಸರಿಯಲ್ಲ.

ನಟಿಯರ ವಿಷಯದಲ್ಲಿ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ. ಒಂದು ವಯಸ್ಸು ದಾಟಿದ ಮೇಲೆ ನಟಿಯರಿಗೆ ಬರೆಯುವ ಪಾತ್ರಗಳು ಕಡಿಮೆಯಾಗುವುದರಿಂದ ನಿರ್ದೇಶನದ ಕಡೆಗಿನ ಒತ್ತಡ ಹೆಚ್ಚು, ಬಾಗಿಲು ಮಾತ್ರ ಇನ್ನೂ ಕಿರಿದು. ಭಾನುಮತಿ 1953ರಲ್ಲಿ ‘ಚಂಡೀರಾಣಿ’ಯನ್ನು ಮೂರು ಭಾಷೆಗಳಲ್ಲಿ ನಿರ್ದೇಶಿಸಲು ಸಾಧ್ಯವಾದದ್ದು ಸ್ವಂತ ನಿರ್ಮಾಣ ಸಂಸ್ಥೆಯಿದ್ದುದರಿಂದ, 1981ರಲ್ಲಿ ಅಪರ್ಣಾ ಸೇನ್ ಅವರ ಮೊದಲ ಚಿತ್ರ ‘36 ಚೌರಂಗಿ ಲೇನ್’ಗೆ ನಿರ್ಮಾಪಕರಾಗಿ ಒದಗಿದವರು ಇನ್ನೊಬ್ಬ ನಟ ಶಶಿ ಕಪೂರ್. ಆ ಚಿತ್ರ ಅಪರ್ಣಾ ಅವರಿಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ತಂದಿತು. ಎರಡೂ ಸಂದರ್ಭಗಳಲ್ಲಿ ಹಣದ ಗಂಟು ಬಿಚ್ಚಿದ್ದು ನಟನೆಯ ಲೋಕದ ಒಳಗಿನವರೇ.

ಸಾಲು ತಪ್ಪಿಸಿ ಬಂದವರೆಂಬ ತಕರಾರು

ನಟರ ಈ ಪ್ರವೇಶವನ್ನು ಎಲ್ಲರೂ ಸ್ವಾಗತಿಸುವುದಿಲ್ಲ, ಹಾಗೆ ಸ್ವಾಗತಿಸದವರ ವಾದದಲ್ಲಿ ಹುರುಳಿದೆ. ಸಹಾಯಕ ನಿರ್ದೇಶಕನೊಬ್ಬ ಕ್ಲ್ಯಾಪ್ ಹಿಡಿಯುವುದರಿಂದ ಆರಂಭಿಸಿ, ಕಂಟಿನ್ಯುಟಿ ಬರೆದು, ಶೆಡ್ಯೂಲ್ ಹೊತ್ತು, ಅಲ್ಪ ಸಂಬಳದಲ್ಲಿ ವರ್ಷಗಟ್ಟಲೆ ಕಳೆದು ಸಹನಿರ್ದೇಶಕನಾಗುತ್ತಾನೆ. ಮೇಲೆ ಹೇಳಿದ ಮೇಜಿನ ದೃಶ್ಯದಲ್ಲಿ ಲೋಟ ಯಾವ ಪದಕ್ಕೆ ಎದ್ದಿತು ಎಂದು ಬರೆದಿಟ್ಟುಕೊಳ್ಳುವವನು ಅವನೇ. ಅವನ ಪಾಲಿನ ಅವಕಾಶ ಪ್ರಚಾರವಿರುವ ನಟನಿಗೆ ಹೋದಾಗ ಅಸಮಾಧಾನವಾಗದಿದ್ದರೆ ಆಶ್ಚರ್ಯ.

ಆದರೆ ಆ ಅಸಮಾಧಾನ ಕಾರಣವನ್ನು ತಪ್ಪಾಗಿ ಗುರುತಿಸುತ್ತದೆ. ನಿರ್ಮಾಪಕರು ಇಬ್ಬರ ಕೌಶಲವನ್ನು ತೂಗಿ ನಟನನ್ನು ಆರಿಸುತ್ತಾರೆ ಎನ್ನುವುದಕ್ಕಿಂತ, ಹೊಸ ನಿರ್ದೇಶಕನನ್ನು ಜನರಿಗೆ ಪರಿಚಯಿಸುವ ಖರ್ಚು ನಟನ ವಿಷಯದಲ್ಲಿ ಉಳಿಯುತ್ತದೆ ಎಂಬುದನ್ನು ನೋಡುತ್ತಾರೆ. ನಟನ ಸ್ನೇಹಿತರು ಕಡಿಮೆ ಸಂಭಾವನೆಗೆ ಬಂದು ನಟಿಸುತ್ತಾರೆ, ಸಂದರ್ಶನಗಳು ತಾವಾಗಿ ಬರುತ್ತವೆ. ಆ ಅನುಕೂಲ ಇಲ್ಲದ ನಟನನ್ನು ಅದೇ ನಿರ್ಮಾಪಕರು ಸಹಾಯಕ ನಿರ್ದೇಶಕನಷ್ಟೇ ಸುಲಭವಾಗಿ ಹಿಂದಕ್ಕೆ ಕಳಿಸುತ್ತಾರೆ.

ವಿರುದ್ಧ ದಿಕ್ಕಿನ ಸಂಚಾರವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಾಶೀನಾಥ್ ಮೊದಲು ನಿರ್ದೇಶಕರು, ಆಮೇಲೆ ತಮ್ಮದೇ ಚಿತ್ರಗಳ ನಾಯಕ. ಅವರ ಬಳಿ ಕೆಲಸ ಕಲಿತ ಉಪೇಂದ್ರ ಹಲವು ಚಿತ್ರಗಳನ್ನು ನಿರ್ದೇಶಿಸಿದ ಮೇಲೆ 1998ರ ‘ಎ’ ಚಿತ್ರದಲ್ಲಿ ನಾಯಕರಾದರು. ನಿರ್ದೇಶಕ ತನ್ನ ಚಿತ್ರದಲ್ಲಿ ತಾನೇ ನಟಿಸಲು ತನ್ನನ್ನೂ ನಿರ್ಮಾಪಕನನ್ನೂ ಒಪ್ಪಿಸಿದರೆ ಸಾಕು. ನಟ ನಿರ್ದೇಶಿಸಲು ಹೊರಟರೆ ಹಂಚಿಕೆದಾರ, ಸಾಲ ಕೊಡುವವರು, ಛಾಯಾಗ್ರಾಹಕ, ಕೆಲವೊಮ್ಮೆ ಸಹನಟರೂ ಒಪ್ಪಬೇಕು.

ಅಮೆರಿಕದಲ್ಲಿ ಈ ತಕರಾರು ಲಿಖಿತ ನಿಯಮವಾಗಿಯೇ ನಿಂತಿದೆ. 1976ರ ‘ದಿ ಔಟ್‌ಲಾ ಜೋಸೀ ವೇಲ್ಸ್’ ಚಿತ್ರೀಕರಣ ಆರಂಭವಾದ ಮೇಲೆ ನಿರ್ದೇಶಕ ಫಿಲಿಪ್ ಕಾಫ್‌ಮನ್ ಅವರನ್ನು ತೆಗೆದು, ನಾಯಕನಟ ಕ್ಲಿಂಟ್ ಈಸ್ಟ್‌ವುಡ್ ಅವರೇ ಆ ಜಾಗಕ್ಕೆ ಬಂದರು. ನಿರ್ದೇಶಕರ ಸಂಘ ಇದನ್ನು ವಿರೋಧಿಸಿತು. ಚಿತ್ರವೊಂದರಲ್ಲಿ ಆಗಲೇ ಕೆಲಸ ಮಾಡುತ್ತಿರುವ ನಟ ಅಥವಾ ತಂತ್ರಜ್ಞ ಅದೇ ಚಿತ್ರದ ನಿರ್ದೇಶಕನ ಸ್ಥಾನ ಹಿಡಿಯುವಂತಿಲ್ಲ ಎಂಬ ನಿಯಮ ಬಂತು, ಅದಕ್ಕೆ ಈಸ್ಟ್‌ವುಡ್ ಹೆಸರೇ ಅಂಟಿಕೊಂಡಿತು. ಈಸ್ಟ್‌ವುಡ್ ಆಗ ಹೊಸಬರಾಗಿರಲಿಲ್ಲ, 1971ರಿಂದಲೇ ನಿರ್ದೇಶಿಸುತ್ತಿದ್ದರು. ನಿಯಮದ ಉದ್ದೇಶವೂ ಅನುಭವವನ್ನು ಅಳೆಯುವುದಲ್ಲ. ನಾಯಕನಿಗೆ ಮನಸ್ತಾಪವಾದಾಗಲೆಲ್ಲ ನಿರ್ದೇಶಕನನ್ನು ಕೆಳಗಿಳಿಸಿ ತಾನು ಕೂರಬಹುದು ಎಂದಾದರೆ ಯಾವ ನಿರ್ದೇಶಕನ ಮಾತಿಗೂ ಸೆಟ್‌ನಲ್ಲಿ ಬೆಲೆ ಉಳಿಯುವುದಿಲ್ಲ ಎಂಬುದು ಅದರ ತರ್ಕ.

ಇದರ ಪರಿಣಾಮ ಮಾತ್ರ ತಾರೆಗಿಂತ ಸಣ್ಣವರ ಮೇಲೂ ಆಗಿದೆ. 1949ರಲ್ಲಿ ‘ನಾಟ್ ವಾಂಟೆಡ್’ ಚಿತ್ರದ ನಿರ್ದೇಶಕ ಎಲ್ಮರ್ ಕ್ಲಿಫ್ಟನ್ ಹೃದಯಾಘಾತಕ್ಕೆ ಒಳಗಾದಾಗ, ನಟಿ ಐಡಾ ಲುಪಿನೊ ತಾವೇ ಸಹನಿರ್ಮಾಪಕಿಯಾಗಿದ್ದ ಆ ಚಿತ್ರವನ್ನು ಮುಗಿಸಿಕೊಟ್ಟರು, ಶೀರ್ಷಿಕೆಯಲ್ಲಿ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಅಲ್ಲಿಂದ ಅವರ ನಿರ್ದೇಶನದ ಬದುಕು ತೆರೆದುಕೊಂಡಿತು. ಅಕಸ್ಮಾತ್ತಾಗಿ ತೆರೆಯುವ ಅಂಥ ಬಾಗಿಲನ್ನು ಇಂದಿನ ನಿಯಮ ಬಹುಮಟ್ಟಿಗೆ ಮುಚ್ಚಿದೆ.

ನಿಜವಾಗಿ ನಡೆದ ದಾರಿಗಳು

ಯಶಸ್ವಿಯಾದ ನಟ ನಿರ್ದೇಶಕರ ಹಿನ್ನೆಲೆಯನ್ನು ಕೆದಕಿದರೆ, ಬಹುತೇಕ ಎಲ್ಲರೂ ಮೊದಲ ಚಿತ್ರಕ್ಕೆ ಮುನ್ನವೇ ನಟನೆ ತೋರಿಸದ ಎರಡು ತುದಿಗಳಲ್ಲಿ ಒಂದನ್ನಾದರೂ ತುಂಬಿಕೊಂಡಿದ್ದರು ಎಂಬುದು ಕಾಣುತ್ತದೆ.

ಬರವಣಿಗೆ ಅದರಲ್ಲಿ ಬಲವಾದದ್ದು. ಗಿರೀಶ್ ಕಾರ್ನಾಡ್ 1970ರ ‘ಸಂಸ್ಕಾರ’ಕ್ಕೆ ಮುಖ್ಯಪಾತ್ರದಲ್ಲಿ ನಟಿಸಿದ್ದಲ್ಲದೆ ಚಿತ್ರಕಥೆಯನ್ನೂ ಬರೆದಿದ್ದರು; ಅದರ ಬೆನ್ನಿಗೇ ಬಿ.ವಿ. ಕಾರಂತರ ಜೊತೆ ಸೇರಿ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು, 1971ನೇ ಸಾಲಿನ ನಿರ್ದೇಶನದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಹಂಚಿಕೆಯಾಗಿ ಬಂತು. ಮೊದಲ ಸಲ ಇನ್ನೊಬ್ಬರ ಜೊತೆ ನಿರ್ದೇಶಿಸುವ ಈ ಕ್ರಮಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ನಟಿ ಗ್ರೆಟಾ ಗೆರ್ವಿಗ್ ಅವರನ್ನು 2017ರ ‘ಲೇಡಿ ಬರ್ಡ್’ ಮೂಲಕ ದಿಢೀರನೆ ಬಂದ ನಿರ್ದೇಶಕಿ ಎಂದು ವರ್ಣಿಸುವವರಿದ್ದಾರೆ. ಅವರು 2008ರಲ್ಲೇ ಒಂದು ಸಣ್ಣ ಚಿತ್ರವನ್ನು ಜೊತೆಗಾರನೊಂದಿಗೆ ನಿರ್ದೇಶಿಸಿದ್ದರು, ನಡುವೆ ಚಿತ್ರಕಥೆಗಳನ್ನು ಬರೆದಿದ್ದರು. ನಷ್ಟದ ಭಯವೂ ಅರಿವಿನ ಕೊರತೆಯೂ ಇಬ್ಬರ ನಡುವೆ ಹಂಚಿಹೋಗುವುದರಿಂದ ಹಣ ಹೂಡುವವರಿಗೂ ಇದು ಸಹ್ಯ.

ಕಿರುಚಿತ್ರ ಇನ್ನೊಂದು ದಾರಿ. ಬಿಲ್ಲಿ ಬಾಬ್ ಥಾರ್ನ್‌ಟನ್ 1996ರಲ್ಲಿ ‘ಸ್ಲಿಂಗ್ ಬ್ಲೇಡ್’ ನಿರ್ದೇಶಿಸುವ ಮುನ್ನ ಅದೇ ಪಾತ್ರದ, ಅವರೇ ಬರೆದು ನಟಿಸಿದ ಕಿರುಚಿತ್ರ ಬೇರೊಬ್ಬರ ನಿರ್ದೇಶನದಲ್ಲಿ ತಯಾರಾಗಿತ್ತು; ಸ್ಟೀವರ್ಟ್ 2017ರಲ್ಲಿ ಒಂದು ಕಿರುಚಿತ್ರವನ್ನು ತಾವೇ ನಿರ್ದೇಶಿಸಿದ್ದರು. ಕಿರುಚಿತ್ರದಿಂದ ನಟನೆಯ ಸಾಮರ್ಥ್ಯ ಸಾಬೀತಾಗಬೇಕಿಲ್ಲ, ಅದು ಮೊದಲೇ ಗೊತ್ತಿರುತ್ತದೆ. ಇವರು ಚಿತ್ರವನ್ನು ಮುಗಿಸಬಲ್ಲರು, ಕತ್ತರಿಸಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ಎಷ್ಟೋ ನಟರ ಕಿರುಚಿತ್ರಗಳು ಸೋಲುವುದು ಅವರು ಅದನ್ನೂ ತಮ್ಮ ಅಭಿನಯದ ಪ್ರದರ್ಶನಕ್ಕೆ ಬಳಸಿಕೊಂಡಾಗ.

ಮೂರನೆಯದು ಧಾರಾವಾಹಿ. ಸರಣಿಯೊಂದರ ಸೆಟ್, ಪಾತ್ರಧಾರಿಗಳು, ಛಾಯಾಗ್ರಹಣದ ಶೈಲಿ ಎಲ್ಲವೂ ಮೊದಲೇ ನಿಂತಿರುತ್ತವೆ; ಒಂದು ಕಂತನ್ನು ಹೊಸಬರ ಕೈಗೆ ಕೊಟ್ಟರೆ ಕಳೆದುಕೊಳ್ಳುವುದು ಸೀಮಿತ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಸರಣಿಯ ನಟ ಜೊನಾಥನ್ ಫ್ರೇಕ್ಸ್ ಸಂಕಲನದ ಕೋಣೆಯಲ್ಲಿ ಕುಳಿತು ಕೆಲಸ ಕಲಿತ ಮೇಲೆ 1990ರಲ್ಲಿ ಮೊದಲ ಕಂತು ನಿರ್ದೇಶಿಸಿದರು, ಆರು ವರ್ಷಗಳಲ್ಲಿ ಅದೇ ಸರಣಿಯ ದೊಡ್ಡ ಚಿತ್ರವೊಂದರ ನಿರ್ದೇಶಕರಾದರು. ಪಾತ್ರಕ್ಕೆಂದು ಕರೆದಾಗಲೇ ಒಂದು ಕಂತಿನ ನಿರ್ದೇಶನವನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಸರಣಿಗಳ ನಟರಿಗೆ ಲಭ್ಯವಿರುವ ಚೌಕಾಶಿ. ತಾರೆಯಲ್ಲದ ನಟನ ಕೈಯಲ್ಲಿರುವ ಕೆಲವೇ ಅಸ್ತ್ರಗಳಲ್ಲಿ ಅದೂ ಒಂದು.

ಕಡಿಮೆ ಬಜೆಟ್ಟಿನ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಾಸ್ಯನಟರಾಗಿ ಹೆಸರಾಗಿದ್ದ ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017) ಸುಮಾರು 45 ಲಕ್ಷ ಡಾಲರ್‌ಗಳಲ್ಲಿ ತಯಾರಾಗಿ 25 ಕೋಟಿಗೂ ಹೆಚ್ಚು ಗಳಿಸಿತು. ಅದನ್ನು ಉದಾಹರಿಸುವವರು ಮರೆಯುವ ವಿಷಯವೆಂದರೆ ಪೀಲ್ ತಮ್ಮ ಹಾಸ್ಯ ಕಾರ್ಯಕ್ರಮದ ಬರಹಗಾರರೂ ಆಗಿದ್ದರು ಎಂಬುದು.

ರಿಷಬ್ ಶೆಟ್ಟಿಯವರ ವಿಷಯದಲ್ಲೂ ಇದೇ ಮರೆವು ಕೆಲಸ ಮಾಡುತ್ತದೆ. 2022ರ ‘ಕಾಂತಾರ’ವನ್ನೇ ಆರಂಭವೆಂದು ಓದಿದವರಿಗೆ ನಾಯಕನಟನೊಬ್ಬ ನಿರ್ದೇಶನಕ್ಕೆ ಕೈಹಾಕಿ ಗೆದ್ದಂತೆ ಕಾಣುತ್ತದೆ. ಅವರು ಸಣ್ಣ ಪಾತ್ರಗಳಲ್ಲಿ ನಟಿಸುತ್ತಿದ್ದವರು. 2016ರಲ್ಲಿ ‘ರಿಕ್ಕಿ’ ಮತ್ತು ‘ಕಿರಿಕ್ ಪಾರ್ಟಿ’, 2018ರಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ನಿರ್ದೇಶಿಸಿದರು. ಅವುಗಳಲ್ಲಿ ಯಾವುದರಲ್ಲೂ ಅವರು ನಾಯಕರಲ್ಲ. ಎರಡೂ ಕೆಲಸ ಒಟ್ಟಿಗೆ ಹೊತ್ತದ್ದು ನಿರ್ದೇಶನದ ಮೇಲೆ ಹಿಡಿತ ಸಿಕ್ಕ ಮೇಲೆ.

ತನ್ನ ಟೇಕ್‌ಗೆ ತಾನೇ ಓಕೆ ಹೇಳುವ ತೊಡಕು

ನಟಿಸುತ್ತಲೇ ನಿರ್ದೇಶಿಸುವವರಿಗೆ ತಾಂತ್ರಿಕವಾದ ಒಂದು ಕಷ್ಟವಿದೆ: ಶಾಟ್ ನಡೆಯುತ್ತಿರುವಾಗ ಅವರಿಗೆ ಅದು ಕಾಣುವುದಿಲ್ಲ. ಜೆರ್ರಿ ಲೂಯಿಸ್ 1960ರಲ್ಲಿ ‘ದಿ ಬೆಲ್‌ಬಾಯ್’ ಚಿತ್ರವನ್ನು ನಿರ್ದೇಶಿಸಿ ನಟಿಸುವಾಗ ಇದಕ್ಕೆ ಪರಿಹಾರವಾಗಿ ಸಿನಿಮಾ ಕ್ಯಾಮೆರಾದ ಜೊತೆಗೆ ವಿಡಿಯೋ ಕ್ಯಾಮೆರಾವನ್ನೂ ಹೂಡಿ, ಶಾಟ್ ಹೇಗೆ ಬಂತೆಂದು ಕೂಡಲೇ ನೋಡುವ ವ್ಯವಸ್ಥೆ ಮಾಡಿಕೊಂಡರು. ಇಂದು ಪ್ರತಿ ಸೆಟ್‌ನಲ್ಲೂ ನಿರ್ದೇಶಕರ ಮುಂದಿರುವ ಮಾನಿಟರ್ ಬಳಕೆಗೆ ಬರುವುದರಲ್ಲಿ ಆ ಪ್ರಯೋಗದ ಪಾಲು ದೊಡ್ಡದು.

ಮಾನಿಟರ್ ತೊಡಕನ್ನು ಅರ್ಧ ಮಾತ್ರ ಬಿಡಿಸಿತು. ಪ್ರತಿ ಟೇಕ್ ನಂತರ ಮೇಕಪ್ಪಿನಲ್ಲೇ ಓಡಿಬಂದು ಪ್ಲೇಬ್ಯಾಕ್ ನೋಡಿ ಮರಳುವುದರಲ್ಲಿ ದಿನದ ಗಣನೀಯ ಸಮಯ ಹೋಗುತ್ತದೆ. ಜೊತೆಗೆ ಎದುರು ನಟಿಸುತ್ತಿರುವವರು ತಾವು ನೋಡುತ್ತಿರುವುದು ಪಾತ್ರವನ್ನೋ ತಮ್ಮನ್ನು ಅಳೆಯುತ್ತಿರುವ ನಿರ್ದೇಶಕನನ್ನೋ ಎಂಬ ಗೊಂದಲಕ್ಕೆ ಬೀಳುತ್ತಾರೆ. ಹಾಗಾಗಿ ಇಂಥ ಚಿತ್ರಗಳಲ್ಲಿ ಸಹನಿರ್ದೇಶಕ ಮತ್ತು ಛಾಯಾಗ್ರಾಹಕರ ಮಾತಿಗೆ ಅಸಾಧಾರಣ ತೂಕ ಬರುತ್ತದೆ. ಅವರನ್ನು ಆರಿಸುವಾಗ ನಟ ತೋರುವ ವಿವೇಕವೇ ಎಷ್ಟೋ ಸಲ ಚಿತ್ರದ ಗತಿಯನ್ನು ತೀರ್ಮಾನಿಸುತ್ತದೆ.

ಮುಂದೆ ಆಗಬಹುದಾದದ್ದು

ಡಿಜಿಟಲ್ ಕ್ಯಾಮೆರಾ ಮತ್ತು ಮನೆಯ ಕಂಪ್ಯೂಟರಿನಲ್ಲೇ ನಡೆಯುವ ಸಂಕಲನದಿಂದ ಮೊದಲ ಚಿತ್ರದ ಖರ್ಚು ಇಳಿದಿರುವುದರಿಂದ ಪ್ರಯತ್ನಿಸುವ ನಟರ ಸಂಖ್ಯೆ ಏರುವುದು ಖಚಿತ. ಆದರೆ ಖರ್ಚು ಇಳಿದದ್ದು ಎಲ್ಲರಿಗೂ. ಚಿತ್ರ ಮಾಡುವುದು ಸುಲಭವಾದಷ್ಟೂ ಜನರ ಕಣ್ಣಿಗೆ ಬೀಳುವುದು ಕಷ್ಟವಾಗುತ್ತದೆ, ಆಗ ಪರಿಚಿತ ಮುಖಕ್ಕೆ ಬೆಲೆ ಮತ್ತೆ ಹೆಚ್ಚುತ್ತದೆ. ಇದರಿಂದ ತಾರೆಗಳ ದಾರಿ ಅಗಲವಾಗಿ, ದುಡಿಯುವ ನಟರದ್ದು ಇದ್ದಷ್ಟೇ ಉಳಿಯುವ ಸಾಧ್ಯತೆ ಹೆಚ್ಚು.

ಹೊಸಬರಿಗೆ ಮೀಸಲಾದ ಉತ್ಸವಗಳ ಜಾಗವನ್ನು ಪ್ರಸಿದ್ಧರು ತಿನ್ನುತ್ತಾರೆ ಎಂಬ ದೂರು ಇನ್ನೂ ಜೋರಾಗಬಹುದು. 2025ರ ಕಾನ್ ಅದಕ್ಕೆ ಭಾಗಶಃ ಉತ್ತರ ಕೊಟ್ಟಿದೆ. ಸುದ್ದಿಯ ಬೆಳಕು ಮೂವರು ನಟರ ಮೇಲೆ ಬಿದ್ದರೂ, ಮೊದಲ ಚಿತ್ರಕ್ಕೆ ಕೊಡುವ ‘ಕ್ಯಾಮೆರಾ ದೋರ್’ ಇರಾಕಿನ ಹಸನ್ ಹಾದಿ ಅವರಿಗೆ ಹೋಯಿತು. ‘ಅನ್ ಸರ್ಟೇನ್ ರಿಗಾರ್ಡ್’ನ ಮುಖ್ಯ ಪ್ರಶಸ್ತಿಯೂ ಚಿಲಿಯ ಡಿಯೆಗೊ ಸೆಸ್ಪೆಡೆಸ್ ಅವರ ಮೊದಲ ಚಿತ್ರಕ್ಕೇ ಸಂದಿತು. ತೀರ್ಪುಗಾರರು ಹೆಸರಿಗೆ ಮರುಳಾಗಲಿಲ್ಲ ಎನ್ನಬಹುದು. ಆದರೆ ಆಯ್ಕೆಯ ಹಂತದಲ್ಲಿ ಹೆಸರು ಕೆಲಸ ಮಾಡುತ್ತದೆಯೇ ಎಂಬುದು ಪ್ರಶಸ್ತಿಯ ಪಟ್ಟಿಯಿಂದ ತೀರ್ಮಾನವಾಗುವ ವಿಷಯವಲ್ಲ.

ಇನ್ನುಳಿದದ್ದು ಎರಡನೇ ಚಿತ್ರದ ಪ್ರಶ್ನೆ. ಸಹಾಯಕ ನಿರ್ದೇಶಕನಾಗಿ ಬಂದವನಿಗೆ ಮೊದಲ ಚಿತ್ರ ಸೋತರೆ ಮರಳಿ ಹೋಗಲು ಬೇರೆ ಜಾಗವಿಲ್ಲ, ಅದೇ ಕ್ಷೇತ್ರದಲ್ಲಿ ಮತ್ತೆ ಬಾಗಿಲು ಬಡಿಯುತ್ತಾನೆ. ಹೆಸರು ಮಾಡಿದ ನಟನಿಗೆ ಪಾತ್ರಗಳು ಕಾದಿರುತ್ತವೆ, ಮರಳಿದ ಕೂಡಲೇ ಆದಾಯವೂ ಶುರುವಾಗುತ್ತದೆ. ಮತ್ತೆ ಎರಡು ವರ್ಷ ಅದನ್ನು ನಿಲ್ಲಿಸಲು ಮೊದಲ ಸಲಕ್ಕಿಂತ ಹೆಚ್ಚು ಧೈರ್ಯ ಬೇಕು. ಚಾರ್ಲ್ಸ್ ಲಾಟನ್ ಅವರ ‘ದಿ ನೈಟ್ ಆಫ್ ದಿ ಹಂಟರ್’ 1955ರಲ್ಲಿ ಸೋತಿತು. ಮುಂದೆ ಆ ಚಿತ್ರಕ್ಕೆ ಶ್ರೇಷ್ಠವೆಂಬ ಮನ್ನಣೆ ದೊರೆತರೂ ಲಾಟನ್ 1962ರಲ್ಲಿ ತೀರಿಕೊಳ್ಳುವವರೆಗೆ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ. ಆಸ್ಕರ್ ಗೆದ್ದ ರೆಡ್‌ಫೋರ್ಡ್ ಅವರ ಎರಡನೇ ಚಿತ್ರ ಬಂದದ್ದು 1988ರಲ್ಲಿ, ಎಂಟು ವರ್ಷಗಳ ಮೇಲೆ. ಸ್ಟೀವರ್ಟ್, ಜೊಹಾನ್ಸನ್ ಮತ್ತು ಡಿಕಿನ್ಸನ್ ಅವರ ಮುಂದೆ ಈಗಿರುವುದು ಅದೇ ಲೆಕ್ಕ. ಅವರು ಮುಂದಿನ ಎರಡು ಮೂರು ವರ್ಷಗಳ ಡೇಟ್ಸನ್ನು ಯಾವ ಚಿತ್ರಗಳಿಗೆ ಕೊಡುತ್ತಾರೆ ಎಂಬುದನ್ನು ಹಂಚಿಕೆದಾರರು ವಿಮರ್ಶೆಗಳಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಾರೆ.